ಕಡೆಗೆ ಕರೆದವರು

ಜನವರಿ 18, ಭಾನುವಾರ
ಹಿಟ್ಟು ನಾದಿ ತೋಳು ನೋವು. ನಾದಿದ್ದು ನಾನು, ಹೆಸರು ಅತ್ತೆ ಚಂದ್ರವ್ವನವರದು... ಇರಲಿ. ಟಿಳಕವಾಡಿಯಲ್ಲಿ ಹಾಳೆಯಷ್ಟು ತೆಳುವಾದ ಸಿಹಿ ಮಂಡಿಗೆ ಮಾಡುವ ಸ್ಪರ್ಧೆ. ಖಾನಾಪುರದಿಂದ ಅತ್ತೆಯ ಅಕ್ಕ ರೇಣವ್ವ ದೊಡ್ಡತ್ತೆಯೂ ಬಂದಿದ್ದರು. ಅತ್ತೆಗೆ ಮಂಡಿಗೆ ಕಲಿಸಿದ್ದೇ ಅವರು.

ಮೈಕಿನ ಹುಡುಗಿಯದು ಬರೀ ಇಂಗ್ಲಿಷ್. ಮೊದಲು ಸೆಕೆಂಡ್ ರನ್ನರ್ ಅಪ್, ಶಿವಬಸವ ನಗರದ ಯಾರೋ. ಆಮೇಲೆ ಫಸ್ಟ್ ರನ್ನರ್ ಅಪ್, ಅತ್ತೆ. ಕಡೆಗೆ ವಿನ್ನರ್, ದೊಡ್ಡತ್ತೆ. ಮೂವರಿಗೂ ಒಂದೇ ನಮೂನೆಯ ಕುಕ್ಕರ್.

ಆಟೋದಲ್ಲಿ ಅತ್ತೆ ಶುರು ಮಾಡಿದರು. “ವಿನ್ನರ್ ಅಂದ್ರ ಗೆದ್ದಾವ್ರು. ಮೂರೂ ಮಂದಿ ಗೆದ್ದೀವಿ. ಫಸ್ಟ್ ಅಂದದ್ದು ನನಗಷ್ಟ. ಹೌದಲ್ಲ ಪೂರ್ಣಿ?”
ದೊಡ್ಡತ್ತೆ ಮೆಲ್ಲಗೆ, “ನನ್ನ ಕಡೀಗೆ ಕರದ್ರು. ಅಂದ್ರ ಮೂರನೇದ್ದು?”
ನಮ್ಮಲ್ಲಿ ಉಡಿ ತುಂಬಲು ಹಿರಿಯರನ್ನೇ ಮೊದಲು ಕರೆಯುವುದು. ಕಡೆಗೆ ಕರೆದರೆ ಲೆಕ್ಕಕ್ಕಿಲ್ಲ. ಇಬ್ಬರೂ ನನ್ನ ಮುಖ ನೋಡಿದರು — ಬಿ.ಎ. ಓದಿದ ಸೊಸೆ! ಅತ್ತೆಯ ಮುಖ ಅಷ್ಟು ಅರಳಿದ್ದನ್ನು ಎಂದೂ ಕಂಡಿರಲಿಲ್ಲ.
“ಹೂಂ ರೀ” ಅಂದುಬಿಟ್ಟೆ. ಥೂ, ನನ್ನ ನಾಲಿಗೆಗಿಷ್ಟು.

ಜನವರಿ 20
ಅತ್ತೆ ಓಣಿ ತುಂಬ ಡಂಗುರ ಹೊಡೆದಾಯಿತು. ಫೋನಿನಲ್ಲಿ ಯಾರಿಗೋ, “ಅಕ್ಕಗ ವಯಸ್ಸಾತು, ಪಾಪ, ಮೊದಲಿನ ಕೈ ಉಳದಿಲ್ಲ.” ಕೇಳುತ್ತ ಪಲ್ಯ ಹೆಚ್ಚುತ್ತಿದ್ದೆ. ಬೆರಳು ಕೊಯ್ದುಕೊಂಡೆ. ಬೇಕಿತ್ತು ನನಗೆ.

ಫೆಬ್ರವರಿ 2
ದೊಡ್ಡತ್ತೆ ತಮ್ಮ ಗಡಿಗೆ ಕಳಿಸಿದ್ದಾರೆ, ಬೋರಲು ಹಾಕಿ ಮಂಡಿಗೆ ಬೇಯಿಸುವುದು. ಮೊಮ್ಮಗಳು ನಿಖಿತಾಳ ಮದುವೆಗೆ ಅತ್ತೆಯೇ ಮಂಡಿಗೆ ಮಾಡಬೇಕಂತೆ. ಬಳಗದ ಯಾವ ಮದುವೆಯಲ್ಲೂ ದೊಡ್ಡತ್ತೆ ಅದನ್ನು ಬೇರೆಯವರ ಕೈಗೆ ಬಿಟ್ಟವರಲ್ಲ.

ಫೆಬ್ರವರಿ 4
ಖಾನಾಪುರಕ್ಕೆ ಹೋದೆ. ಕೂತ ತಕ್ಷಣ ಹೇಳಿದೆ.
“ದೊಡ್ಡತ್ತಿ, ವಿನ್ನರ್ ಅಂದ್ರ ಎಲ್ಲಾರಕಿಂತ ಮ್ಯಾಲೆ. ನೀವಽ ಗೆದ್ದದ್ದು. ಅತ್ತೀದು ಎರಡನೇದ್ದು. ನಾ ಸುಳ್ಳು ಹೇಳಿದ್ನಿ ರೀ.”
ದೊಡ್ಡತ್ತೆ ತಮ್ಮ ಕೈ ನೋಡಿಕೊಂಡರು. “ಮಮ್ಮಗಳ ಮದವಿಗೆ ನನ್ನ ಕೈಲೆ ಮಂಡಿಗಿ ಮಾಡಬೇಕಂತ ಭಾಳ ಆಸೆ ಇತ್ತವಾ. ಕೈ ಕೆಟ್ಟತಿ ಅಂತ ತಿಳಕೊಂಡು ಕೊಟ್ಟುಬಿಟ್ಟೆ.”
ಅತ್ತುಬಿಟ್ಟೆ.
“ಚಂದ್ರವ್ವಗ ಹೇಳಿದೇನು?”
“ಇಲ್ರೀ.”
“ಮತ್ತ ನನಗ್ಯಾಕ ಹೇಳಿದಿ, ನಿನ್ನ ಹೊಟ್ಟಿ ಹಗರ ಆಗಲಿ ಅಂತ? ತಂಗಿ ಕಡೆ ಗಡಿಗಿ ನಾ ಹೆಂಗ ತಿರಗಿ ಕೇಳಲಿ?”
ಬಸ್ಸು ಹತ್ತಿದೆ.

ಅದೇ ದಿನ, ಸಂಜೆ
ಅತ್ತೆ ಗಡಿಗೆ ಒರೆಸುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ, “ಖರೇ ಹೇಳತೀನಿ ಪೂರ್ಣಿ, ಹುಟ್ಟಿದಾಗಿಂದ ರೇಣವ್ವನ ತಂಗಿ ಅಂತಽ ಕರಸ್ಕೊಂಡೆ. ಒಮ್ಮೆರೆ ನನ್ನ ಹೆಸರು ಮುಂದ ಬಂತು.”
ಒಳಗೆ ಬಂದು ಇದನ್ನು ಗೀಚುತ್ತ ಕೂತಿದ್ದೇನೆ. ಹೇಡಿ. ಸಣ್ಣದೊಂದು ‘ಹೂಂ’ — ಈಗ ಯಾರಾದರೊಬ್ಬರ ಎದೆ ಒಡೆಯಲೇಬೇಕು.
ಅತ್ತೆಯೇ ಬಾಗಿಲಿಗೆ ಬಂದರು. “ಅಕ್ಕನ ಮನಿಗೆ ಹೋಗಿದ್ದಿಯಂತ? ಏನಂದ್ಳು?”
ನಗುತ್ತಿದ್ದಾರೆ. ಪೆನ್ನು ಕೆಳಗಿಟ್ಟು ಹೇಳಬೇಕು. ಇಡುತ್ತೇ—