ನನ್ನ ಬಣ್ಣದ ಫೋಟೊ

ಅಪ್ಪಾ,

ಜಪಾನೀಸ್ ಓದಲು ಜಪಾನಿಗೆ ಹೊರಡುವ ದಿನ ಹತ್ತಿರ ಬಂತು. ಅಲ್ಲಿ ಟ್ರೇನಿನಲ್ಲಿ ನಮ್ಮಂಥ ಕಪ್ಪು ಮುಖದವರ ಪಕ್ಕ ಯಾರಾದರೂ ಕೂರುತ್ತಾರೋ ಇಲ್ಲವೋ ಎಂಬ ಭಯವಿದೆ. ಭಯಕ್ಕಿಂತ ಕುತೂಹಲವೇ ಒಂದು ಕೈ ಹೆಚ್ಚು.

ಇವತ್ತು ವೀಸಾ ಫೋಟೊ ತರಲು ಸ್ಟುಡಿಯೊಗೆ ಹೋಗಿದ್ದೆ. ಕವರಿನಲ್ಲಿ ಯಾರೋ ಗೋಧಿಬಣ್ಣದ ಹುಡುಗಿ ಇದ್ದಳು.

“ಇದು ನಾನಲ್ಲ, ಅಂಕಲ್.”

“ನೀನೇ, ಇನ್ಯಾರು? ಸ್ವಲ್ಪ ಬೆಳ್ಳಗೆ ಮಾಡಿದೀನಿ. ಫಾರಿನ್ನಲ್ಲಿ ಬಣ್ಣ ನೋಡ್ತಾರಮ್ಮ.”

“ಅಲ್ಲಿ ಇಳಿದ ಮೇಲೆ ನನ್ನನ್ನ ಯಾರು ಬೆಳ್ಳಗೆ ಮಾಡ್ತಾರೆ?”

ನನ್ನ ಬಾಯಿಂದ ಇಷ್ಟು ಮಾತು ಹೊರಟಿದ್ದು ನನಗೇ ಆಶ್ಚರ್ಯ. ಅವರು ನಗುತ್ತಾ ಬೇರೆ ಪ್ರಿಂಟ್ ಹಾಕಿಕೊಟ್ಟರು. ಈ ಸಲ ನಿನ್ನದೇ ಮೂಗು, ನಿನ್ನದೇ ಬಣ್ಣ.

ಮನೆಗೆ ಬಂದು, ಗೋಡೆಯ ಮೇಲಿನ ನಿನ್ನ ಫೋಟೊ ಪಕ್ಕ ಹಿಡಿದು ನೋಡಿದೆ. ನೀನು ಹೋದ ಮೇಲೆ ಅದನ್ನು ದೊಡ್ಡದು ಮಾಡಿಕೊಟ್ಟವರೂ ಅವರೇ. ನೀನು ಇಷ್ಟು ಬೆಳ್ಳಗೆ ಯಾವಾಗ ಇದ್ದೆ? ಅವತ್ತು ನಾವ್ಯಾರೂ ಬೇಡ ಅನ್ನಲಿಲ್ಲ.