ಅಧಿಕಾರದ ಆಸೆ ಇತ್ತು ಎಂದವಳಿಗೆ ಬಂದ ನೋಟಿಸು

ಭಾಷಣ ಸ್ಪರ್ಧೆಯ ಮಾನ್ಯ ಆಯೋಜನಾಧಿಕಾರಿಗಳೇ,

ಸತ್ಯ ಹೇಳಿದ್ದಕ್ಕೆ ಬಹುಮಾನ ಕೊಡದಿದ್ದರೆ ಹೋಗಲಿ, ನೋಟಿಸು ಏಕೆ ಕೊಟ್ಟಿರಿ? ನಮ್ಮ ಕಡಬದ ಮಹಿಳಾ ಹಾಲು ಸಂಘದ ಅಧ್ಯಕ್ಷೆ ಶಶಿಕಲಾ ಕೂಡಲೇ ಕ್ಷಮಾಪಣೆ ಬರೆದುಕೊಡಬೇಕು, ಇಲ್ಲದಿದ್ದರೆ ಮುಂದಿನ ತಿಂಗಳ ಸಂಘದ ಚುನಾವಣೆಗೆ ಆಕೆ ನಿಲ್ಲದಂತೆ ಸಹಕಾರ ಇಲಾಖೆಗೆ ಶಿಫಾರಸು ಮಾಡುತ್ತೇನೆ ಎಂದು ತಾವು ಬರೆದಿದ್ದೀರಿ. ಆಕೆ ದೇಶದ ಮೊದಲ ಪ್ರಧಾನಿಯವರಿಗೆ ಅವಮಾನ ಮಾಡಿದಳಂತೆ. ಅಂದು ತುಮಕೂರಿನ ಆ ಸಭಾಂಗಣದಲ್ಲಿ ನಾನೂ ಕೂತಿದ್ದೆ. ತಾವು ವೇದಿಕೆಯ ಮೇಲೆ ಮೊಬೈಲ್ ವೀಕ್ಷಣೆಯಲ್ಲಿ ಮಗ್ನರಾಗಿದ್ದುದರಿಂದ, ಅಲ್ಲಿ ಏನು ನಡೆಯಿತೆಂದು ನಾನೇ ತಿಳಿಸುವುದು ಒಳ್ಳೆಯದು.

ಜಿಲ್ಲೆಯ ಹಾಲು ಸಂಘಗಳ ಹೆಂಗಸರಿಗೆಂದು ಇಟ್ಟ ಸ್ಪರ್ಧೆ, ವಿಷಯ ತಾವೇ ಕೊಟ್ಟದ್ದು: ಮೊದಲ ಪ್ರಧಾನಿಯವರ ನಾಯಕತ್ವದ ಗುಣಗಳು. ಶಶಿಕಲಾಗಿಂತ ಮೊದಲು ಕುಣಿಗಲ್‌ನ ಚಿಕ್ಕಗಂಗಮ್ಮ ಮಾತಾಡಿದರು. ಅವರ ಪ್ರಕಾರ ಆ ಮಹಾನುಭಾವರಿಗೆ ಕೋಪವಿರಲಿಲ್ಲ, ಆಸೆಯಿರಲಿಲ್ಲ, ಅಧಿಕಾರವೆಂದರೆ ಅಲರ್ಜಿ. ಅಲರ್ಜಿಯಿದ್ದವರು ಸುಮಾರು ಹದಿನೇಳು ವರ್ಷ ಆ ಕುರ್ಚಿಯಲ್ಲಿ ಹೇಗೆ ಕೂತರೋ! ತಾವು ಮೊಬೈಲ್ ನೋಡುತ್ತಲೇ ತಲೆದೂಗಿದಿರಿ. ಮೊದಲ ಬಹುಮಾನ ಅಲ್ಲೇ ತೀರ್ಮಾನವಾಯಿತು.

ಆಮೇಲೆ ಶಶಿಕಲಾ ಮೈಕ್ ಹಿಡಿದಳು. “ಅವ್ರಿಗೆ ಮೂಗಿನ ತುದೀಲೇ ಕೋಪ ಇತ್ತಂತೆ, ಹಂಗೇ ಇಳ್ದೂ ಹೋಗ್ತಿತ್ತಂತೆ. ಅಧಿಕಾರದ ಆಸೇನೂ ಇತ್ತು ಅಂತ್ಲೇ ನಾನು ಅಂದ್ಕೊಂಡಿದೀನಿ. ತಪ್ಪೇನು? ನಂಗೂ ಇದೆ. ಆದ್ರೆ ಅವ್ರಿಗೆ ತಮ್ಮ ಮೇಲೇ ಗುಮಾನಿ ಇತ್ತು ನೋಡಿ, ಅದು ದೊಡ್ಡ ಗುಣ. ಸ್ವಾತಂತ್ರ್ಯಕ್ಕೆ ಮೊದ್ಲೇ ಬೇರೆ ಹೆಸ್ರಲ್ಲಿ ಪತ್ರಿಕೆಗೆ ಬರ್ದು, ಈ ಮನುಷ್ಯ ಸರ್ವಾಧಿಕಾರಿ ಆಗ್ಬೋದು, ಹುಷಾರು ಅಂತ ತಮ್ಮ ಬಗ್ಗೆ ತಾವೇ ಎಚ್ಚರಿಸಿದ್ರು...”

‘ಸರ್ವಾಧಿಕಾರಿ’ ಎಂಬ ಒಂದು ಪದ ಕಿವಿಗೆ ಬಿದ್ದದ್ದೇ ತಡ, ತಾವು ತಲೆಯೆತ್ತಿ ಮೈಕ್ ಆಫ್ ಮಾಡಿಸಿದಿರಿ. ಅವಳು ಬಿಡುವವಳೇ? ಹಾಲಿನ ವ್ಯಾನಿನವರನ್ನು ಕೂಗಿ ಕೂಗಿ ಪಳಗಿದ ಗಂಟಲು. “ಎದುರಾಳಿಗಳ್ನೂ ಮಂತ್ರಿ ಮಾಡ್ಕೊಂಡ್ರು! ಓಟು ಕೇಳಕ್ಕೆ ದೇಶ ಸುತ್ತಿದ್ರು!” ಎಂದು ಮೈಕಿಲ್ಲದೆಯೇ ಮುಗಿಸಿ ಇಳಿದಳು. ಚಪ್ಪಾಳೆ ತಟ್ಟಿದವರಲ್ಲಿ ಚಿಕ್ಕಗಂಗಮ್ಮನೂ ಇದ್ದರು. ಹೊರಗೆ ಬಂದಾಗ ಶಶಿಕಲಾಳ ಕೈ ಹಿಡಿದುಕೊಂಡು, “ನಮ್ ಸಂಘಕ್ಕೆ ಅಧ್ಯಕ್ಷೆ ಆಗ್ಬೇಕು ಅಂತ ನಂಗೂ ಆಸೆ ಐತೆ ಕಣಕ್ಕ. ಬಾಯ್ಬುಟ್ಟು ಹೇಳಕ್ಕೆ ನಾಚ್ಕೆ” ಅಂದರು. ಇದು ಅವಮಾನವೇ ಸ್ವಾಮಿ?

ಈ ಪತ್ರ ಬರೆಯುತ್ತಿರುವ ಸರ್ವಮಂಗಳಮ್ಮ ಯಾರು, ಶಶಿಕಲಾಳ ಅಕ್ಕನೋ ತಂಗಿಯೋ ಎಂದು ತಾವು ಕೇಳಬಹುದು. ಎರಡೂ ಅಲ್ಲ. ಕಳೆದ ಚುನಾವಣೆಯಲ್ಲಿ ಅವಳ ವಿರುದ್ಧ ನಿಂತು ಸೋತವಳು. ಮುಂದಿನ ತಿಂಗಳೂ ನಿಲ್ಲುತ್ತಿರುವವಳು.

ಸಂಘ ಕಟ್ಟಿದವಳು ಶಶಿಕಲಾ, ಒಪ್ಪುತ್ತೇನೆ. ಕೆರೆ ಏರಿಯ ಆಚೆಯ ಮನೆಗಳಿಗೂ ಅಲೆದು ಹೆಂಗಸರನ್ನು ಒಟ್ಟುಗೂಡಿಸಿದಳು. ಆದರೆ ಸಂಘವೇನು ತನ್ನ ತವರುಮನೆಯೋ ಎಂಬಂತೆ ಮಾತಾಡುತ್ತಾಳೆ. ನಾನು ಸೋತ ಹೊಸತರಲ್ಲಿ ಸಭೆಯಲ್ಲಿ ಎದ್ದು, ಹಾಲಿನ ಕೊಬ್ಬು ಅಳೆಯುವ ಯಂತ್ರ ಸರಿಯಿಲ್ಲ, ನಿನ್ನ ಹಸುವಿಗೆ ಮಾತ್ರ ಬಹಳ ಗೌರವ ಕೊಡುತ್ತದೆ ಎಂದೆ. ಅವಳು ಕ್ಯಾನಿನ ಮುಚ್ಚಳ ನೆಲಕ್ಕೆ ಕುಕ್ಕಿ “ಏನೇ ಅಂದೆ?” ಎಂದು ಕೂಗಿದ್ದು ಬಸ್ ಸ್ಟಾಂಡಿಗೂ ಕೇಳಿಸಿತು. ಮಾರನೆಯ ಬೆಳಿಗ್ಗೆ ನೋಡಿದರೆ ನಮ್ಮ ಬಾಗಿಲಲ್ಲೇ ನಿಂತಿದ್ದಾಳೆ. ನಾನು ಸೆರಗು ಸಿಕ್ಕಿಸಿ ಜಗಳಕ್ಕೆ ಸಿದ್ಧಳಾದೆ.

“ಮೊದ್ಲು ಕಾಫಿ ಕೊಡು” ಅಂದಳು. “ನನ್ ಮೇಲೆ ನಂಬ್ಕೆ ಇಲ್ಲ ತಾನೇ? ಇವತ್ತಿಂದ ಮಷೀನ್ ಮುಂದೆ ನೀನೇ ಕೂತ್ಕೋ.”

ಕೂತೆ. ಯಂತ್ರ ನಿಜಕ್ಕೂ ಕೆಟ್ಟಿತ್ತು, ರಿಪೇರಿ ಮಾಡಿಸಿದೆ. ರಿಪೇರಿಯಾದ ಮೇಲೆ ಊರಿಗೆಲ್ಲ ಅಧ್ಯಕ್ಷೆಯ ಹಸುವಿನ ಹಾಲೇ ತೆಳು ಎಂದು ಗೊತ್ತಾಯಿತು. ಮುಖ ಊದಿಸಿಕೊಂಡು ತಿರುಗಿದಳು, ಆದರೆ ನನ್ನನ್ನು ಅಲ್ಲಿಂದ ಎಬ್ಬಿಸಲಿಲ್ಲ.

ತಮ್ಮ ನೋಟಿಸು ಬಂದ ದಿನ ಗುಬ್ಬಿಯಿಂದ ನನ್ನ ತಮ್ಮ ಸಂಗಮೇಶ್ ಫೋನ್ ಮಾಡಿ, “ಅಕ್ಕಾ, ಸುಮ್ನಿದ್ಬುಡು. ಅವ್ಳಿಲ್ದಿದ್ರೆ ನೀನೇ ಅವಿರೋಧ” ಅಂದ. ಒಂದು ಗಳಿಗೆ ಹಿತವೆನಿಸಿತು, ಸುಳ್ಳೇಕೆ ಹೇಳಲಿ? ಆದರೆ ಯಾರೂ ಎದುರಿಲ್ಲದ ಅಖಾಡದಲ್ಲಿ ತೊಡೆ ತಟ್ಟಿ ಗೆದ್ದೆ ಎನ್ನುವುದೂ ಒಂದು ಗೆಲುವೇ?

ಸಂಜೆ ಸಂಘದ ಸಭೆಯಲ್ಲಿ ಶಶಿಕಲಾ ಎದ್ದು, “ಕ್ಷಮಾಪಣೆ ನಾನು ಬರ್ಯಲ್ಲ. ನನ್ನಿಂದ ಸಂಘಕ್ಕೆ ತೊಂದ್ರೆ ಅನ್ನೋದಾದ್ರೆ ಈಗ್ಲೇ ಇಳೀತೀನಿ” ಅಂದಳು. ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನೆಂದೂ ಕೇಳಿರಲಿಲ್ಲ. ಕೂರಲಾಗಲಿಲ್ಲ. ಎದ್ದು, “ನೀನ್ಯಾಕೆ ಇಳೀತೀಯೇ? ಇಳ್ಸೋಕೆ ನಾನಿದೀನಿ!” ಎಂದುಬಿಟ್ಟೆ. ಸಭೆ ಗೊಳ್ಳೆಂದು ನಕ್ಕಿತು, ಶಶಿಕಲಾ ಕಣ್ಣೊರೆಸಿಕೊಂಡು ನಕ್ಕಳು. ಕ್ಷಮಾಪಣೆ ಕೊಡುವುದಿಲ್ಲವೆಂದು ಎಲ್ಲರೂ ಕೈಯೆತ್ತಿದರು. ತಮಗೆ ಹೀಗೆ ಬಹಿರಂಗವಾಗಿ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು.

ದೇಶ ಕಟ್ಟಿದವರನ್ನು ದೇವರ ಕೋಣೆಯಲ್ಲಿಟ್ಟು ಬೀಗ ಹಾಕಿದರೆ ನಮ್ಮಂಥವರು ಅವರಿಂದ ಕಲಿಯುವುದಾದರೂ ಏನನ್ನು, ಮಂಗಳಾರತಿ ಎತ್ತುವುದನ್ನೇ? ಆದ್ದರಿಂದ ತಾವು ಆ ನೋಟಿಸನ್ನು ಹಿಂದಕ್ಕೆ ಪಡೆಯಬೇಕು. ಶಶಿಕಲಾಳ ಹೆಸರು ಮತಪತ್ರದಲ್ಲಿ ಇರಲೇಬೇಕು, ನನ್ನ ಹೆಸರಿನ ಪಕ್ಕದಲ್ಲೇ. ಅವಳನ್ನು ಸೋಲಿಸುವ ಸಂತೋಷ ನನಗೆ ಸೇರಬೇಕಾದದ್ದು, ತಮ್ಮ ಕಚೇರಿಗಲ್ಲ.

ಇಂತಿ,
ಮತ ಕೇಳಲು ಹೋದ ಮನೆಯಲ್ಲೆಲ್ಲ ಉಪ್ಪಿಟ್ಟು ತಿಂದು ಹೊಟ್ಟೆ ಕೆಡಿಸಿಕೊಂಡಿರುವ,
ಸರ್ವಮಂಗಳಮ್ಮ
ಕಡಬ, ಗುಬ್ಬಿ ತಾಲ್ಲೂಕು