ಎಡಗೈಯ ಬಟನ್

ಫೆ. 3, ಸಂಜೆ 6
ಇವತ್ತೂ ಬೆಳ್ಳಾರೆ ಬಸ್ಸಲ್ಲಿ ನಿಂತೇ ಬಂದದ್ದು. ನಮ್ಮ ಅಡಿಕೆ ಹಾಳೆತಟ್ಟೆ ಫ್ಯಾಕ್ಟರಿಗೆ ಹೊಸ ಮ್ಯಾನೇಜರ್ — ಚಿನ್ಮಯ ಸರ್. ಬಂದದ್ದೇ ಮೀಟಿಂಗ್. "ಇನ್ನು ಯಾರೂ ನನ್ನತ್ರ ಕೇಳುದು ಬೇಡ. ಐಡಿಯಾ ಉಂಟಾ, ಮಾಡಿ. ಇದು ನಿಮ್ಮದೇ ಕಂಪೆನಿ." ಪಕ್ಕದ ಮೆಷಿನಿನ ರಮ್ಲತ್ ಕಿವಿಯಲ್ಲಿ — "ನಮ್ಮದಾದ್ರೆ ಮೊದಲು ಒಂದು ಫ್ಯಾನ್ ಹಾಕುವ ಮಾರಾಯ್ತಿ." ನಗು ತಡೆಯಲಿಕ್ಕಾಗಲಿಲ್ಲ.

ಫೆ. 10
ಮಾಡಿಯೇ ಬಿಟ್ಟೆ. ನಮ್ಮ ಪ್ರೆಸ್ಸಿಗೆ ಎರಡು ಬಟನ್. ಎರಡು ಕೈಯಲ್ಲೂ ಒತ್ತಿ ಹಿಡಿದರೆ ಮಾತ್ರ ಬಿಸಿ ಅಚ್ಚು ಇಳಿಯುದು — ಕೈ ಅಡಿಗೆ ಸಿಕ್ಕಬಾರದು ಅಂತ. ಎಡದ್ದನ್ನು ಸೈಕಲ್ ಟ್ಯೂಬಿನ ತುಂಡಲ್ಲಿ ಬಿಗಿದೆ. ಈಗ ಎಡಗೈ ಫ್ರೀ, ಹಾಳೆ ಇಡ್ತಾ ಹೋಗುದು. ಮಧ್ಯಾಹ್ನದೊಳಗೆ ಇನ್ನೂರು ತಟ್ಟೆ ಜಾಸ್ತಿ. ಸರ್ ನೋಡಿದರು. ಬೈಯಲಿಲ್ಲ, ಚಪ್ಪಾಳೆ ತಟ್ಟಿಸಿದರು.

ಫೆ. 12
ಗೋಡೆಯಲ್ಲಿ ನನ್ನ ಫೋಟೋ. ಎಂಟು ಮೆಷಿನಿಗೂ ಟ್ಯೂಬು. ರಮ್ಲತ್‌ನದ್ದಕ್ಕೆ ನಾನೇ ಕಟ್ಟಿದ್ದು. ಅವಳಿಗೆ ಮನಸ್ಸಿರಲಿಲ್ಲ. "ಹೆದರಿಕೆ ಆಗ್ತದೆ ಭವಿ." ಎಂತ ಹೆದರಿಕೆ ಅಂದೆ. ನನ್ನ ಜಂಬ, ಮತ್ತೆಂತ.

ಮಾರ್ಚ್ 4
ಮೂರು ವಾರ ಬರೆದಿಲ್ಲ. ಟಾರ್ಗೆಟ್ ಏರಿಸಿದ್ದಾರೆ, ಟ್ಯೂಬಿಲ್ಲದೆ ಮುಟ್ಟಲಿಕ್ಕಾಗುದಿಲ್ಲ. ಇವತ್ತು ರಮ್ಲತ್‌ನ ಗ್ಲೌಸಿನ ತುದಿ ಅಚ್ಚಿನಡಿ ಹೋಯಿತು. ಬೆರಳು ಬಚಾವ್. ಅವಳು ನಗಾಡಿದಳು. ನನಗೆ ಸುಟ್ಟ ವಾಸನೆ ಇನ್ನೂ ಮೂಗಲ್ಲೇ ಉಂಟು.

ಮಾರ್ಚ್ 5, ಸಂಜೆ
ಟ್ಯೂಬೆಲ್ಲ ಬಿಚ್ಚಿಸಿ ಸರ್ ಅಂದೆ. "ನಾನು ಕಟ್ಟಿಸಿದ್ದಲ್ಲವಲ್ಲ ಭವಿತಾ. ನಿಮ್ಮ ಐಡಿಯಾ, ನಿಮ್ಮ ತೀರ್ಮಾನ. ನಾನು ಮಧ್ಯೆ ಬಂದ್ರೆ ನಮ್ಮ ಕಲ್ಚರ್ ಎಂತ ಆಯ್ತು?" ಒಂದು ಪೇಪರ್ ಮುಂದಿಟ್ಟರು. ಟ್ಯೂಬು ಭವಿತಾಳ ಸ್ವಂತ ಯೋಚನೆ, ಕಂಪೆನಿಯವರು ಯಾರೂ ಹೇಳಿದ್ದಲ್ಲ — ಟೈಪ್ ಆಗಿ ಉಂಟು. ತಾರೀಕು ಫೆಬ್ರವರಿ ಹತ್ತು. ಅಂದರೆ ಚಪ್ಪಾಳೆ ತಟ್ಟಿಸಿದ ದಿನವೇ ಇದು ಅಪಾಯ ಅಂತ ಇವರಿಗೆ ಗೊತ್ತಿತ್ತು, ಪೇಪರೂ ಅವತ್ತೇ ಮಾಡಿಟ್ಟಿದ್ದಾರೆ. ಸಹಿ ಹಾಕಲಿಲ್ಲ.
ನನ್ನದು ಬಿಚ್ಚಿದೆ. ಉಳಿದವರು ಮುಟ್ಟಲಿಕ್ಕೆ ಬಿಡಲಿಲ್ಲ — "ಟಾರ್ಗೆಟ್ ನೀನು ಮುಟ್ಟಿಸ್ತೀಯಾ?" ರಮ್ಲತ್ ಮಾತ್ರ, "ನಾಳೆ ಬೆಳಿಗ್ಗೆ ಏಳಕ್ಕೇ ಬಂದು ಬಾಕಿ ಟಾರ್ಗೆಟ್ ಮುಗಿಸ್ತೇನೆ. ಅದಾದ ಮೇಲೆ ಬಿಚ್ಚು." ಒಪ್ಪಿದೆ. ಒಪ್ಪಬಾರದಿತ್ತು.

ಮಾರ್ಚ್ 6, ಬೆಳಿಗ್ಗೆ 7.40
ಬಸ್ಸಿಗೆ ಕಾಯ್ತಾ ಇದ್ದೇನೆ. ಚೀಲದಲ್ಲಿ ಕತ್ತರಿ ಉಂಟು. ಯಾರನ್ನೂ ಕೇಳುದಿಲ್ಲ, ಏಳನ್ನೂ ಕತ್ತರಿಸುದೇ. ರಮ್ಲತ್‌ನದ್ದು ಮೊದಲು.
ಈಗ ಸರ್ ಫೋನ್. "ಭವಿತಾ, ಕೂಡಲೇ ಬಂದು ಆ ಪೇಪರಿಗೆ ಸಹಿ ಹಾಕಿ." ಅವರ ಹಿಂದೆ ಯಾರೋ ಹೆಂಗಸು ನೋವಲ್ಲಿ ಕೂಗುದು ಕೇಳಿತು. ಯಾರು ಸರ್ ಅದು ಅಂದೆ. ಇಟ್ಟುಬಿಟ್ಟರು.
ರಮ್ಲತ್‌ಗೆ ಫೋನ್ ಮಾಡ್ತಾ ಇದ್ದೇನೆ. ರಿಂಗ್ ಆಗ್ತದೆ. ಎತ್ತು ಮಾರಾಯ್ತಿ. ಯಾವ ಕೈಯಲ್ಲಾದರೂ —